ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಮರಳುವ ಕಾಡುದಾರಿಯ ಚಾರಣ: ಕೊನೆಯ ಬಸ್ಸಿನ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ

ನನ್ನಲ್ಲಿ ಸ್ವಂತ ವಾಹನವಿಲ್ಲದಿರುವುದರಿಂದ ಸಾರ್ವಜನಿಕ ಬಸ್ಸು ತಲುಪುವ ಕಾಡುದಾರಿಗಳಲ್ಲಿ ಮಾತ್ರ ಚಾರಣ ಮಾಡುತ್ತೇನೆ. ಕಳೆದ ತಿಂಗಳು, ಒಂದು ತಂಗುದಾಣದಲ್ಲಿ ಇಳಿದು ಕಾಡನ್ನು ಹಾದು ಇನ್ನೊಂದು ರಸ್ತೆಗೆ ಸೇರುವ 14 ಕಿಲೋಮೀಟರ್ ದಾರಿಯನ್ನು ಆರಿಸಿಕೊಂಡಿದ್ದೆ. ವಿಶ್ರಾಂತಿಯೂ ಸೇರಿ ನಾಲ್ಕು ಗಂಟೆ ಸಾಕೆಂದು ಎಣಿಸಿ ಮಧ್ಯಾಹ್ನ ಒಂದೂವರೆಗೆ ನಡೆಯಲಾರಂಭಿಸಿದೆ. ಆರು ಗಂಟೆಗೆ ಕೊನೆಯ ಬಸ್ಸಿತ್ತು. ನಾನು ರಸ್ತೆಗೆ ಬಂದಾಗ ಏಳು ದಾಟಿತ್ತು. ಕೊನೆಯ ಎರಡು ಕಿಲೋಮೀಟರನ್ನು ಮೊಬೈಲಿನ ಬೆಳಕಿನಲ್ಲಿ, ಮರದ ಬೇರುಗಳಿಗೆ ಎಡವುತ್ತ ನಡೆದೆ. ಆ ದಾರಿಯಲ್ಲಿ ಹೊರಟಿದ್ದ ಒಂದು ಕುಟುಂಬದವರು ವಾಹನ ನಿಲ್ಲಿಸಿ ಹತ್ತಿಸಿಕೊಂಡದ್ದರಿಂದ ಮನೆ ಸೇರಿದೆ.

ಚಾರಣವನ್ನು ಬಿಡುವ ಮನಸ್ಸು ನನಗಿಲ್ಲ. ಆದರೆ ದಿನವಿಡೀ ಗಡಿಯಾರ ನೋಡುತ್ತ ನಡೆಯುವುದೂ ಬೇಡವಾಗಿದೆ. ಬಸ್ಸನ್ನೇ ನಂಬಿದ ಚಾರಣಕ್ಕೆ ದಾರಿಯನ್ನು ಆರಿಸುವುದು ಹೇಗೆ, ಸಮಯವನ್ನು ಅಂದಾಜು ಮಾಡುವುದು ಹೇಗೆ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನೀವು ದೂರವನ್ನು ಎಣಿಸಿದ್ದೀರಿ, ಏರನ್ನು ಎಣಿಸಿಲ್ಲ ಎಂದು ನನಗೆ ತೋರುತ್ತದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ. ಅದರ ಪ್ರಕಾರ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ ಹಿಡಿದು, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆಯನ್ನು ಸೇರಿಸಬೇಕು. ಏರನ್ನು ತಿಳಿಯಲು ಭೂಪಟದ ಸಮೋನ್ನತ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು ನೋಡಬೇಕು. ಆರಂಭದ ಎತ್ತರಕ್ಕೂ ಕೊನೆಯ ಎತ್ತರಕ್ಕೂ ಇರುವ ವ್ಯತ್ಯಾಸವಷ್ಟೇ ಸಾಲದು, ನಡುವೆ ಹತ್ತಿ ಇಳಿದು ಮತ್ತೆ ಹತ್ತುವ ಪ್ರತಿಯೊಂದು ಏರನ್ನೂ ಕೂಡಿಸಬೇಕು. ಇಳಿಜಾರಿನಲ್ಲಿ ಸಮಯ ಉಳಿಯುತ್ತದೆಂಬ ಭರವಸೆ ಬೇಡ. ಬ್ರಿಟನ್ನಿನ ಪರ್ವತಾರೋಹಿ ಎರಿಕ್ ಲ್ಯಾಂಗ್‌ಮ್ಯೂರ್ ಈ ಸೂತ್ರಕ್ಕೆ ಮಾಡಿದ ತಿದ್ದುಪಡಿಯಂತೆ, ಹಗುರವಾದ ಇಳಿಜಾರಿನಲ್ಲಿ 300 ಮೀಟರಿಗೆ 10 ನಿಮಿಷ ಕಳೆಯಬಹುದಾದರೂ ಕಡಿದಾದ ಇಳಿಜಾರಿನಲ್ಲಿ ಅಷ್ಟನ್ನೇ ಕೂಡಿಸಬೇಕಾಗುತ್ತದೆ.

ಈ ಸೂತ್ರದಲ್ಲಿ ವಿಶ್ರಾಂತಿಯಾಗಲಿ, ಊಟವಾಗಲಿ, ಕೆಸರಾಗಲಿ, ದಾರಿ ತಪ್ಪಿ ಹಿಂದಿರುಗುವುದಾಗಲಿ ಸೇರಿಲ್ಲ. ಬಂದ ಮೊತ್ತಕ್ಕೆ ಅದರ ಮೂರನೆಯ ಒಂದು ಭಾಗವನ್ನು ಸೇರಿಸಿಕೊಳ್ಳುವುದು ನನ್ನ ರೂಢಿ. ಅನಂತರ ಮರಳುವ ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಆ ಬಸ್ಸು ಕೊನೆಯದಾಗಿರಬಾರದು, ಅದಕ್ಕಿಂತ ಹಿಂದಿನದಾಗಿರಬೇಕು. ಹೀಗೆ ಬಂದ ಹೊತ್ತಿಗೆ ಮೊದಲೇ ನಡೆಯಲಾರಂಭಿಸಲು ಬೆಳಗಿನ ಯಾವ ಬಸ್ಸೂ ಅನುಕೂಲವಾಗದಿದ್ದರೆ ಆ ದಾರಿ ಎಷ್ಟೇ ಚೆಂದವಿದ್ದರೂ ಒಂದೇ ದಿನದ ಚಾರಣಕ್ಕೆ ಅದನ್ನು ನಾನು ಆರಿಸುವುದಿಲ್ಲ.

ದಟ್ಟವಾದ ಮರಗಳ ಕೆಳಗೆ ಸೂರ್ಯಾಸ್ತಕ್ಕೆ ಮೊದಲೇ ಹೆಜ್ಜೆ ಕಾಣದಂತಾಗುತ್ತದೆ. ಸಮಭಾಜಕ ವೃತ್ತಕ್ಕೆ ಹತ್ತಿರದ ನಾಡುಗಳಲ್ಲಿ ಮುಸ್ಸಂಜೆಯೂ ಬೇಗ ಮುಗಿಯುತ್ತದೆ. ಹಗಲಿನ ಚಾರಣವಾದರೂ ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಚೀಲದಲ್ಲಿರಲಿ. ಮೊಬೈಲಿನ ಬ್ಯಾಟರಿಯನ್ನು ಬೆಳಕಿಗಾಗಿ ಖರ್ಚು ಮಾಡಿದರೆ ಕರೆ ಮಾಡಬೇಕಾದಾಗ ಅದು ಉಳಿದಿರುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅದಕ್ಕಿಂತ ಮುಂಚೆ ನಿರ್ಧರಿಸಬೇಕಾದ ಸಂಗತಿಯೊಂದಿದೆ, ಅದು ದಾರಿಯನ್ನು ಯಾವ ದಿಕ್ಕಿನಿಂದ ನಡೆಯಬೇಕೆಂಬುದು. ಕಾರಿನಲ್ಲಿ ಹೋದವರು ಕಾರು ನಿಂತಲ್ಲಿಗೇ ಮರಳಬೇಕು. ಬಸ್ಸಿನಲ್ಲಿ ಹೋದ ನಮಗೆ ಆ ಕಟ್ಟಿಲ್ಲ, ಒಂದು ಕಣಿವೆಯಲ್ಲಿ ಹತ್ತಿ ಮತ್ತೊಂದು ಕಣಿವೆಯಲ್ಲಿ ಇಳಿಯಬಹುದು. ಇದು ಬಸ್ಸಿನ ಚಾರಣದ ದೊಡ್ಡ ಸುಖವೆಂದು ನಾನು ಮನಸಾರೆ ನಂಬಿದ್ದೇನೆ. ಆ ಎರಡು ತುದಿಗಳಲ್ಲಿ ಬಸ್ಸು ವಿರಳವಾಗಿರುವ ಕಡೆ ಬೆಳಿಗ್ಗೆ ಇಳಿದುಕೊಂಡು, ಬಸ್ಸುಗಳು ಮೇಲಿಂದ ಮೇಲೆ ಸಿಗುವ ಕಡೆಗೆ ನಡೆದು ಬರಬೇಕು. ಬೆಳಿಗ್ಗೆ ನೀವು ಬಸ್ಸಿನ ವೇಳೆಗೆ ಸರಿಯಾಗಿ ಹೊರಡಬಲ್ಲಿರಿ, ಆದರೆ ಕಾಡಿನಿಂದ ಹೊರಬೀಳುವ ವೇಳೆ ನಿಮ್ಮ ಕೈಯಲ್ಲಿರುವುದಿಲ್ಲ. ಅನಿಶ್ಚಯವಿರುವ ತುದಿಯಲ್ಲಿ ಅರ್ಧ ಗಂಟೆಗೊಂದು ಬಸ್ಸಿದ್ದರೆ ಗಡಿಯಾರ ನೋಡುವ ಅಗತ್ಯವೇ ಕಡಿಮೆಯಾಗುತ್ತದೆ.

ಇಂಥ ದಾರಿಗೆ ಒಂದು ತೊಡಕೂ ಇದೆ. ಅರ್ಧ ದಾಟಿದ ಮೇಲೆ ಹಿಂದಿರುಗುವುದರಿಂದ ಲಾಭವಿಲ್ಲ. ಆದ್ದರಿಂದ ದಾರಿಯ ನಡುವೆ ರಸ್ತೆಗೆ ಬೇಗ ಇಳಿಯುವ ಅಡ್ಡದಾರಿಗಳನ್ನು ಭೂಪಟದಲ್ಲಿ ಗುರುತಿಸಿ, ಅಲ್ಲಿಗೆ ಎಷ್ಟು ಗಂಟೆಯೊಳಗೆ ಮುಟ್ಟದಿದ್ದರೆ ಇಳಿದುಬಿಡಬೇಕೆಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಳ್ಳಿ. ದಣಿದಾಗ ಮನಸ್ಸು ಇನ್ನೂ ಸ್ವಲ್ಪ ನಡೆದುಬಿಡೋಣ ಎನ್ನುತ್ತದೆ. ಹಾಂಕಾಂಗಿನಲ್ಲಿ 1979ರಲ್ಲಿ ತೆರೆದ 100 ಕಿಲೋಮೀಟರ್ ಉದ್ದದ ಮ್ಯಾಕ್ಲಿಹೋಸ್ ದಾರಿಯನ್ನು ಹತ್ತು ಭಾಗಗಳಾಗಿ ವಿಂಗಡಿಸಿ, 500 ಮೀಟರಿಗೊಂದರಂತೆ ಸಂಖ್ಯೆ ಬರೆದ ಕಂಬಗಳನ್ನು ನೆಟ್ಟಿದ್ದಾರೆ, ಹಲವು ಭಾಗಗಳ ತುದಿಗೆ ಬಸ್ಸಿನಲ್ಲಿ ಹೋಗಬಹುದು. ಸ್ವಿಟ್ಜರ್ಲೆಂಡಿನ ಹಳದಿ ಕೈಕಂಬಗಳು ದೂರದ ಬದಲು ನಡಿಗೆಯ ಸಮಯವನ್ನೇ ತಿಳಿಸುತ್ತವೆ. ಅಂಥ ಸೌಲಭ್ಯವಿಲ್ಲದ ಕಾಡಿನಲ್ಲಿ ಹಳ್ಳ ದಾಟುವ ಜಾಗ, ದಾರಿ ಕವಲೊಡೆಯುವ ಜಾಗ ಎಂದು ಮೂರು ನಾಲ್ಕು ಗುರುತುಗಳನ್ನು ಆರಿಸಿ, ಪ್ರತಿಯೊಂದರ ಎದುರು ತಲುಪಬೇಕಾದ ಸಮಯವನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು.

ಮೂರನೆಯ ಉತ್ತರ

ಬಸ್ಸಿಗೆ ಸಂಬಂಧಿಸಿದ ಕೆಲವು ಮಾತುಗಳನ್ನಷ್ಟೇ ಸೇರಿಸುತ್ತೇನೆ. ಹಲವು ವೇಳಾಪಟ್ಟಿಗಳಲ್ಲಿ ಬಸ್ಸು ಹೊರಡುವ ನಿಲ್ದಾಣದ ಸಮಯವಿರುತ್ತದೆಯೇ ಹೊರತು ನಡುವಿನ ತಂಗುದಾಣಗಳದ್ದು ಇರುವುದಿಲ್ಲ. ಅಲ್ಲಿಗೆ ಬಸ್ಸು ಎಣಿಸಿದ್ದಕ್ಕಿಂತ ಬೇಗ ಬಂದು ಹೋಗಬಹುದು. ಕಾಲು ಗಂಟೆ ಮುಂಚೆ ಅಲ್ಲಿ ನಿಂತಿರಬೇಕು. ರಜಾದಿನದ ವೇಳೆ ಬೇರೆ, ಶಾಲೆಗಳಿಗೆ ಬಿಡುವಿದ್ದಾಗಿನ ವೇಳೆಯೂ ಬೇರೆಯಾಗಿರಬಹುದು. ಬೆಳಿಗ್ಗೆ ಇಳಿಯುವಾಗಲೇ, ಸಂಜೆಯ ಬಸ್ಸು ಓಡುತ್ತಿದೆಯೇ, ಅದು ರಸ್ತೆಯ ಯಾವ ಬದಿಯಲ್ಲಿ ನಿಲ್ಲುತ್ತದೆ ಎಂದು ಚಾಲಕರನ್ನು ಕೇಳಿಬಿಡಿ. ನಿತ್ಯವೂ ಅದೇ ದಾರಿಯಲ್ಲಿ ಓಡಾಡುವವರ ಮಾತು ಹಳೆಯ ಫಲಕಕ್ಕಿಂತ ನಂಬಿಕೆಗೆ ಅರ್ಹ. ಕೈ ತೋರಿಸಿದರೆ ಮಾತ್ರ ನಿಲ್ಲುವ ಕಡೆ ತಿರುವಿನಲ್ಲಿ ನಿಲ್ಲದೆ, ದೂರದಿಂದ ಕಾಣುವ ನೇರ ರಸ್ತೆಯಲ್ಲಿ ನಿಲ್ಲಬೇಕು.

ಮೊಬೈಲ್ ಸಂಪರ್ಕ ಸಿಗದ ಕಡೆಯೂ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ಭೂಪಟವನ್ನು ಮೊದಲೇ ಇಳಿಸಿಕೊಂಡಿರಬೇಕು. ನಿಮ್ಮ ದಾರಿಯನ್ನೂ ಮರಳುವ ಬಸ್ಸಿನ ಸಮಯವನ್ನೂ ಮನೆಯಲ್ಲಿ ಯಾರಿಗಾದರೂ ಬರೆದುಕೊಟ್ಟಿರಿ.

ಬಸ್ಸು ಹತ್ತುವ ಮುನ್ನ ಬೂಟಿನ ಕೆಸರನ್ನು ತೆಗೆಯಿರಿ ಎಂದೂ ಕೇಳಿಕೊಳ್ಳುತ್ತೇನೆ. ಇದು ಸಹಪ್ರಯಾಣಿಕರ ಮೇಲಿನ ಗೌರವವಷ್ಟೇ ಅಲ್ಲ. ನ್ಯೂಜಿಲೆಂಡಿನಲ್ಲಿ ಕೌರಿ ಮರಗಳನ್ನು ಕೊಲ್ಲುವ ರೋಗಾಣು ಬೂಟಿಗಂಟಿದ ಮಣ್ಣಿನ ಮೂಲಕವೂ ಹರಡುವುದರಿಂದ, ಅಲ್ಲಿ ಕಾಡುದಾರಿಗಳ ಬಾಯಲ್ಲೇ ಬೂಟು ತೊಳೆಯುವ ವ್ಯವಸ್ಥೆ ಮಾಡಿದ್ದಾರೆ. ಒಂದು ಕಾಡಿನ ಮಣ್ಣನ್ನು ಇನ್ನೊಂದು ಕಾಡಿಗೆ ಒಯ್ಯದಿರುವುದು ಎಲ್ಲೆಡೆಯೂ ಒಳ್ಳೆಯದು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಭೂಪಟವನ್ನು ಮುಂದಿಟ್ಟುಕೊಂಡು ಕಳೆದ ತಿಂಗಳ ದಾರಿಯನ್ನೇ ಮತ್ತೆ ಎಣಿಸಿದೆ. 14 ಕಿಲೋಮೀಟರಿಗೆ 2 ಗಂಟೆ 48 ನಿಮಿಷ, ನಾನು ಗಮನಿಸದೇ ಬಿಟ್ಟಿದ್ದ 900 ಮೀಟರ್ ಏರಿಗೆ ಒಂದೂವರೆ ಗಂಟೆ, ಇದರ ಮೂರನೆಯ ಒಂದು ಭಾಗವನ್ನೂ ಸೇರಿಸಿದರೆ 5 ಗಂಟೆ 44 ನಿಮಿಷವಾಗುತ್ತದೆ. ಒಂದೂವರೆಗೆ ಹೊರಟವನು ಏಳೂಕಾಲಿಗೆ ತಲುಪಬೇಕಿತ್ತು, ಹೆಚ್ಚು ಕಡಿಮೆ ಆ ಹೊತ್ತಿಗೇ ತಲುಪಿದ್ದೆ.

ದಿನಕ್ಕೆ ನಾಲ್ಕೇ ಬಸ್ಸುಗಳಿರುವ ತುದಿಯನ್ನು ನಾನು ಸಂಜೆಗೆ ಉಳಿಸಿಕೊಂಡಿದ್ದೆನೆಂಬುದೂ ಈಗ ತಿಳಿಯಿತು. ಆ ತುದಿ ಎತ್ತರದಲ್ಲಿರುವುದರಿಂದ ಅಲ್ಲಿಂದ ಆರಂಭಿಸಿದರೆ ಏರು 500 ಮೀಟರಿಗೆ ಇಳಿಯುತ್ತದೆ, ಒಟ್ಟು ಸಮಯ ಐದು ಗಂಟೆಯೊಳಗೆ ಬರುತ್ತದೆ. ಅಲ್ಲಿಗೆ ಬೆಳಿಗ್ಗೆ ಒಂಬತ್ತಕ್ಕೆ ತಲುಪುವ ಬಸ್ಸಿದೆ. ಬರುವ ಭಾನುವಾರ ಅದೇ ಬಸ್ಸಿಗೆ ಹೋಗುತ್ತಿದ್ದೇನೆ. ಭಾನುವಾರವೂ ಅದು ಓಡುತ್ತದೆಯೇ ಎಂಬುದನ್ನು ಇಂದೇ ನಿಲ್ದಾಣಕ್ಕೆ ಹೋಗಿ ವಿಚಾರಿಸಿ ಬಂದೆ.