ಡರ್ಟ್ ಬೈಕಿಗೆ ಸೈಕಲ್ ಮೀಟರ್

ತಮ್ಮಾ, ಮನೆ ಗ್ರೂಪಲ್ಲಿ ನಿನ್ನ ಮೆಸೇಜ್ ಈಗ ನೋಡ್ದೆ. ಟೈಪ್ ಮಾಡೋಕೆ ಹೋದ್ರೆ ರಾತ್ರಿ ಆಗುತ್ತೆ, ಅದಕ್ಕೇ ಮಾತಲ್ಲೇ ಹೇಳ್ತೀನಿ. ತೋಟದಲ್ಲಿ ಓಡಿಸೋ ಡರ್ಟ್ ಬೈಕಲ್ಲಿ ಮೀಟರೇ ಇಲ್ಲ, ಸೈಕಲ್ಲಿನ ಅಗ್ಗದ ಮೀಟರ್ ಕೂರಿಸಬಹುದಾ, ವೈರ್‌ಲೆಸ್ ತರಿಸ್ಲಾ ಅಂತ ಕೇಳಿದೀಯ. ಧಾರಾಳವಾಗಿ ಕೂರಿಸು. ಆದ್ರೆ ವೈರ್‌ಲೆಸ್ ಬೇಡ, ವೈರ್ ಇರೋದೇ ತರಿಸು. ಸೈಕಲ್ಲಲ್ಲಿ ಸ್ಪಾರ್ಕ್ ಪ್ಲಗ್ ಇಲ್ವಲ್ಲ! ಇಲ್ಲಿ ಇಂಜಿನ್ ಸ್ಟಾರ್ಟ್ ಆಗಿದ್ದೇ ತಡ, ಪ್ಲಗ್ಗಿನ ಕಿಡಿಯಿಂದ ಏಳೋ ರೇಡಿಯೋ ಗದ್ದಲಕ್ಕೆ ಅಗ್ಗದ ವೈರ್‌ಲೆಸ್ ಮೀಟರ್ ಬಾಯಿಗೆ ಬಂದ ಸ್ಪೀಡ್ ತೋರಿಸುತ್ತೆ, ಬೈಕ್ ನಿಂತಿದ್ರೂ.

ಚಿಕ್ಕಪ್ಪ, ನೀವು 'ತೋಟದಲ್ಲಿ ಸ್ಪೀಡ್ ನೋಡ್ಕೊಂಡು ಏನು ಮಾಡ್ತಾನೆ' ಅಂದ್ರಲ್ಲ, ಅದೂ ನಿಜ. ಮೀಟರ್ ನೋಡ್ತಾ ಹೋದ್ರೆ ಕಾಫಿ ಗಿಡದೊಳಗೇ ಹೋಗ್ತಾನೆ. ಲಾಭ ಇರೋದು ಬೇರೆ ಕಡೆ. ಇಂಥ ಬೈಕಿಗೆ ಆಯಿಲ್ ಬದಲಿಸೋದು ಸಾಮಾನ್ಯವಾಗಿ ಓಡಿದ ಗಂಟೆ ಲೆಕ್ಕದಲ್ಲಿ. ಈ ಮೀಟರಲ್ಲಿ ಚಕ್ರ ತಿರುಗಿದ ಸಮಯ ಬೇರೆಯಾಗಿ ಸಿಗುತ್ತೆ. ನಿಂತಲ್ಲೇ ಇಂಜಿನ್ ಗುರ್ ಅಂದಿದ್ದು ಅದಕ್ಕೆ ಗೊತ್ತಾಗಲ್ಲ, ಆದ್ರೂ ಅಂದಾಜಿಗಿಂತ ಎಷ್ಟೋ ಮೇಲು. ಒಂದೇ ಜೋಪಾನ, ಬಹಳಷ್ಟು ಅಗ್ಗದ ಮೀಟರುಗಳಲ್ಲಿ ಆ ಸಮಯ 10 ಗಂಟೆಗೆ ಮತ್ತೆ ಸೊನ್ನೆಗೆ ಬರುತ್ತೆ, ಅಷ್ಟರೊಳಗೆ ಬರ್ಕೊಂಡುಬಿಡು. ಪೆಟ್ರೋಲ್ ಎಷ್ಟು ದೂರ ಬಂತು ಅನ್ನೋದೂ ಮೀಟರಿನ ಟ್ರಿಪ್ ಲೆಕ್ಕದಲ್ಲಿ ತಿಳಿಯುತ್ತೆ.

ಈಗ ಮುಖ್ಯ ವಿಷಯ, ಮ್ಯಾಗ್ನೆಟ್. ಚಕ್ರದ ಜೊತೆ ತಿರುಗೋ ಮ್ಯಾಗ್ನೆಟ್, ಚಕ್ರ ಹಿಡಿದಿರೋ ಫೋರ್ಕಿಗೆ ಕಟ್ಟಿದ ಸೆನ್ಸರ್ ಮುಂದೆ ಹಾದಾಗಲೆಲ್ಲ ಮೀಟರ್ ಒಂದು ಸುತ್ತು ಎಣಿಸುತ್ತೆ. ಸೈಕಲ್ಲಿನ ಹಾಗೆ ಕಡ್ಡಿಗೆ ಕಟ್ಟೋಕೆ ಹೋಗಬೇಡ, ಕೆಸರು ಕಲ್ಲು ಬಡಿದು ಹಾರಿಹೋಗುತ್ತೆ. ಮುಂದಿನ ಡಿಸ್ಕನ್ನ ಹಬ್ಬಿಗೆ ಹಿಡಿದಿರೋ ಅಲೆನ್ ಬೋಲ್ಟ್ ಇದೆಯಲ್ಲ, ಅದರ ತಲೆಯಲ್ಲಿರೋ ಆರು ಮೂಲೆಯ ಕುಳಿಯೊಳಗೆ ಹಿಡಿಯೋ ಸಣ್ಣ ನಿಯೋಡಿಮಿಯಮ್ ಮ್ಯಾಗ್ನೆಟ್ ತಗೊಂಡು ಅರಾಲ್ಡೈಟ್ ಅಂಟು ಹಾಕಿ ಕೂರಿಸು. ಬೋಲ್ಟಿನ ತಲೆಯಿಂದ ಸ್ವಲ್ಪ ಆಚೆಗೆ ಇಣುಕಿರಲಿ, ಪೂರ್ತಿ ಒಳಗೆ ಹೋದ್ರೆ ಸುತ್ತಲಿನ ಕಬ್ಬಿಣವೇ ಅದರ ಶಕ್ತಿ ನುಂಗುತ್ತೆ. ಬ್ರೇಕ್ ಪ್ಯಾಡ್ ಉಜ್ಜೋ ಜಾಗಕ್ಕೆ ಮಾತ್ರ ಅಂಟಿಸಲೇಬೇಡ. ಬ್ರೇಕ್ ಹಿಡಿದಾಗ ಅಲ್ಲಿ ತುಂಬಾ ಬಿಸಿಯಾಗುತ್ತೆ, ಮಾಮೂಲಿ ನಿಯೋಡಿಮಿಯಮ್ 80 ಡಿಗ್ರಿ ದಾಟಿದ್ರೆ ಶಕ್ತಿ ಕಳ್ಕೊಳ್ಳೋಕೆ ಶುರು ಮಾಡುತ್ತೆ. ಹಬ್ ಹತ್ತಿರ ಇದ್ರೆ ಇನ್ನೊಂದು ಅನುಕೂಲ, ಅಲ್ಲಿ ಮ್ಯಾಗ್ನೆಟ್ ನಿಧಾನಕ್ಕೆ ಹಾದುಹೋಗೋದ್ರಿಂದ ಸೆನ್ಸರ್ ಒಳಗಿನ ಸ್ವಿಚ್ಚಿಗೆ ಮುಚ್ಚಿ ತೆರೆಯೋಕೆ ಪುರುಸೊತ್ತು ಸಿಗುತ್ತೆ. 100 ಕಿ.ಮೀ. ವೇಗದಲ್ಲಿ ನಿನ್ನ ಚಕ್ರ ಸೆಕೆಂಡಿಗೆ 13 ಸುತ್ತು ಸುತ್ತುತ್ತೆ ಮಾರಾಯ!

ಸೆನ್ಸರನ್ನ ಫೋರ್ಕಿನ ಕೆಳಭಾಗಕ್ಕೆ, ಮ್ಯಾಗ್ನೆಟ್ಟಿಗೆ ಎರಡು ಮೂರು ಮಿಲಿಮೀಟರ್ ದೂರದಲ್ಲಿ ಕಟ್ಟು. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಯಾವುದಕ್ಕೂ ತಾಗಲ್ಲ ಅಂತ ನೋಡು. ಮೀಟರ್ ಎಣಿಸದಿದ್ರೆ ಸೆನ್ಸರನ್ನ ಸ್ವಲ್ಪ ಮೇಲೆ ಕೆಳಗೆ ಸರಿಸು. ಮ್ಯಾಗ್ನೆಟ್ ನಟ್ಟನಡುವೆ ಹಾದುಹೋಗೋದಕ್ಕಿಂತ ಸೆನ್ಸರಿನ ತುದಿ ಹತ್ತಿರ ಹಾದ್ರೆ ಕೆಲವು ಸಲ ಚೆನ್ನಾಗಿ ಹಿಡಿಯುತ್ತೆ. ವೈರನ್ನ ಬ್ರೇಕ್ ಹೋಸ್ ಜೊತೆಗೇ ಟೈ ಹಾಕ್ಕೊಂಡು ಹೋಗು. ಫೋರ್ಕ್ ಪೂರ್ತಿ ಕೂತಾಗ, ಪೂರ್ತಿ ಎದ್ದಾಗ, ಹ್ಯಾಂಡಲ್ ಎರಡೂ ಕಡೆ ತಿರುಗಿಸಿದಾಗ ಎಳೆಯಬಾರದು. ಪ್ಲಗ್ ವೈರಿಂದಂತೂ ದೂರ ಇರಲಿ.

ಮೀಟರಿಗೆ ಕೊಡಬೇಕಾದ ಚಕ್ರದ ಸುತ್ತಳತೆಗೆ ಅದರ ಪುಸ್ತಕದ ಪಟ್ಟಿ ನೋಡಬೇಡ. ಟೈರ್ ಮೇಲೆ ಸೀಮೆಸುಣ್ಣದ ಗುರುತು ಹಾಕು, ನೀನು ಸೀಟ್ ಮೇಲೆ ಕೂತಿರು, ಯಾರಾದ್ರೂ ಒಂದು ಸುತ್ತು ತಳ್ಳಲಿ, ನೆಲದ ಮೇಲೆ ಟೇಪ್ ಹಿಡಿದು ಮಿಲಿಮೀಟರಲ್ಲಿ ಅಳೀರಿ. 21 ಇಂಚಿನ ಚಕ್ರ ಅಂದ್ಯಲ್ಲ, ಟೈರ್ ಸೇರಿ 2100 ಚಿಲ್ಲರೆ ಬರುತ್ತೆ. ರೋಡ್ ಸೈಕಲ್ಲಿನ ಚಕ್ರವೂ ಸುಮಾರು ಅಷ್ಟೇ, ಹಾಗಾಗಿ ಮೀಟರ್ ತಕರಾರಿಲ್ಲದೆ ಒಪ್ಪುತ್ತೆ.

ಮೀಟರ್ ಬಂತು ಅಂತ ರಸ್ತೆಗೆ ಇಳಿಸ್ಬೇಡ ಮತ್ತೆ, ಆ ಬೈಕಿಗೆ ರಿಜಿಸ್ಟ್ರೇಷನ್ನೇ ಇಲ್ಲ. ಈಗ ಡಿಸ್ಕ್ ಹತ್ತಿರದ್ದು ಒಂದು ಫೋಟೋ ಇಲ್ಲೇ ಗ್ರೂಪಿಗೆ ಹಾಕು, ಯಾವ ಬೋಲ್ಟ್ ಅಂತ ಗುರುತು ಮಾಡಿ ಕಳಿಸ್ತೀನಿ.