ಸಮಸ್ಯಾಪೂರಣ: ‘ಕಡಲೇ ಹಡಗನು ನಡೆಸಿತಲಾ’

ಪೃಚ್ಛಕರು:
ಈ ಸಲದ ವಸ್ತು, ಬಾಹ್ಯಾಕಾಶ ಹಡಗಿನ ಕಥೆಯ ಅಮೆರಿಕನ್ ಟಿವಿ ಸರಣಿ ‘ಸ್ಟಾರ್ ಟ್ರೆಕ್’ನ ಪಾತ್ರಗಳಿಗೆ ಹೆಸರು ಬಂದ ಬಗೆ. ಛಂದಸ್ಸು ಶರ ಷಟ್ಪದಿ: 1, 2, 4, 5ನೇ ಸಾಲಿಗೆ 4+4 ಮಾತ್ರೆ, 3 ಮತ್ತು 6ಕ್ಕೆ 4+4+4, ಮೇಲೊಂದು ಗುರು. ನಾನು ಕೊಡುವ ಕೊನೆಯ ಸಾಲು ಇದು, ಉಳಿದ ಐದನ್ನು ಕಟ್ಟಿ ಇದಕ್ಕೆ ಅರ್ಥ ಬರಿಸುವುದು ನಿಮ್ಮ ಕೆಲಸ:

ಕಡಲೇ ಹಡಗನು ನಡೆಸಿತಲಾ

ಕಡಲು ಹಡಗನ್ನು ತೇಲಿಸೀತು, ಮುಳುಗಿಸೀತು, ಚುಕ್ಕಾಣಿ ಹಿಡಿಯುವುದುಂಟೆ? ಪ್ರಾಸಾಕ್ಷರ ‘ಡ’, ಅದರ ಹಿಂದೆ ಹ್ರಸ್ವವೇ ಬರಬೇಕು.

ಮೊದಲ ಪೂರಣ:

ಹುಡುಕುತ ಹೆಸರನು
ಹಿಡಿದಿರೆ ಭೂಪಟ
ದಡ ಹಲವಪ್ಪಿದ ಜಲ ಕಾಣಲ್
ಕೊಡಲಾ ಹೆಸರನೆ
ನಡೆಸುವ ತರುಣಗೆ
ಕಡಲೇ ಹಡಗನು ನಡೆಸಿತಲಾ

ಫಿಲಿಪ್ಪೀನ್ಸ್‌ಗೂ ಬೋರ್ನಿಯೊಗೂ ನಡುವೆ ಇರುವುದು ಸೂಲು ಸಮುದ್ರ. ಹಡಗಿನ ಚುಕ್ಕಾಣಿ ಹಿಡಿಯುವ ಪಾತ್ರದ ಹೆಸರೂ ಸೂಲು. ಏಷ್ಯಾದ ಯಾವ ಮನೆತನದ ಹೆಸರಿಟ್ಟರೂ ಅದು ಒಂದೇ ದೇಶಕ್ಕೆ ಅಂಟಿಕೊಳ್ಳುತ್ತದೆ. ನೀರಾದರೆ ಎಲ್ಲ ದಡವನ್ನೂ ಮುಟ್ಟುತ್ತದೆ. ಸರಣಿಯ ಕರ್ತೃ ಜೀನ್ ರಾಡೆನ್‌ಬೆರಿಯ ಲೆಕ್ಕ ಇದೇ ಎಂದು ಆ ಪಾತ್ರ ಮಾಡಿದ ಜಾರ್ಜ್ ಟಕೇ ಹೇಳುತ್ತ ಬಂದಿದ್ದಾರೆ.

ಒಂದು ತಕರಾರು:
ಪರಿಹಾರ ಸೊಗಸಾಗಿದೆ ಸರ್. ಆದರೆ ಎರಡನೇ ಪೈಲಟ್ (ಪ್ರಾಯೋಗಿಕ) ಕಂತಿನಲ್ಲಿ ಸೂಲು ಭೌತವಿಜ್ಞಾನಿ. ಚುಕ್ಕಾಣಿ ಕೈಗೆ ಬಂದದ್ದು ಆಮೇಲೆ. ‘ಹಿಕಾರು’ ಎಂಬ ಮೊದಲ ಹೆಸರಂತೂ 1981ರ ಕಾದಂಬರಿಯೊಂದರಲ್ಲಿ ಹುಟ್ಟಿ, ತೆರೆಗೆ ಬಂದದ್ದು 1991ರ ಚಿತ್ರದಲ್ಲಿ.

ಎರಡನೇ ಪೂರಣ (ಅರ್ಧ ಮಾತ್ರ, ತಿದ್ದಿಕೊಡಿ):

ನಾಡನು ಮೀರಿದ
ಹುಡುಗಗೆ ಸೂಲೂ
ಒಡನಿರೆ ಉಹೂರ ಕಿವಿಯಾಗಿ

ಪೃಚ್ಛಕರು:
ಎರಡು ಕಡೆ ಎಡವಿದ್ದೀರಿ. ‘ನಾಡ’ದಲ್ಲಿ ಡಕಾರದ ಹಿಂದೆ ದೀರ್ಘ ಬಂತು, ಅದು ಗಜಪ್ರಾಸ, ಉಳಿದ ಸಾಲುಗಳದ್ದು ಸಿಂಹಪ್ರಾಸ. ಎರಡನ್ನೂ ಬೆರೆಸುವಂತಿಲ್ಲ. ‘ಗಡಿಗಳ ಮೀರಿದ’ ಎಂದರೆ ಸರಿಹೋಯಿತು. ಇನ್ನು ‘ಉಹೂರ’ (ಸರಣಿಯ ಇನ್ನೊಂದು ಪಾತ್ರ ಉಹೂರಾ): ಲಘು-ಗುರು-ಲಘು. ಎಣಿಸಿದರೆ 4 ಮಾತ್ರೆಯೇ, ಆದರೆ ಜಗಣ. ಓದುವಾಗ ಲಯ ಮುಗ್ಗರಿಸುತ್ತದೆ. ಪೂರ್ತಿ ‘ಉಹೂರಾ’ ಎಂದರೆ 5. ದಾರಿ ಒಂದೇ: ‘ಉ’ವನ್ನು ಹಿಂದಿನ ಗಣದ ಕೊನೆಯ ಮಾತ್ರೆಯಾಗಿಸಿ. ‘ಒಡನೆಯುಹೂರಾ ಕಿವಿಯಾಗಲ್’ ಎಂದು ನೋಡಿ: ಒಡನೆಯು | ಹೂರಾ | ಕಿವಿಯಾ | ಗಲ್. ಯಕಾರಾಗಮದಿಂದ ವಿಸಂಧಿಯೂ (ಸಂಧಿ ಮಾಡದೆ ಬಿಟ್ಟ ದೋಷವೂ) ತಪ್ಪಿತು.

ಮೂರನೇ ಪೂರಣ:

ಬಿಡುಗಡೆಯೆನ್ನುವ
ನುಡಿ ಹೆಣ್ಣಾಯಿತು
ಕಡೆಯಕ್ಕರ ತಿರುಗಲುಹೂರಾ
ಗಡಿಯಾಚೆಯ ಕರೆ
ಎಡೆಬಿಡದಾಲಿಸೆ
ಕಡಲೇ ಹಡಗನು ನಡೆಸಿತಲಾ

ಸ್ವಾಹಿಲಿಯಲ್ಲಿ ‘ಉಹುರು’ ಅಂದರೆ ಸ್ವಾತಂತ್ರ್ಯ. ಉಹೂರಾ ಪಾತ್ರ ಮಾಡಿದ ನಿಶೆಲ್ ನಿಕೋಲ್ಸ್ ಆಯ್ಕೆಗೆ ಬಂದಾಗ ಕೈಯಲ್ಲಿದ್ದ ಪುಸ್ತಕದ ಹೆಸರೇ ಅದು. ಕೊನೆಯ ಉಕಾರ ಆಕಾರವಾಗಿ ಪಾತ್ರದ ಹೆಸರಾಯಿತು. ಕೆಲಸ ಸಂಪರ್ಕಾಧಿಕಾರಿಯದ್ದು, ಹಾಗಾಗಿ ‘ಆಲಿಸೆ’. ಅವಳ ಮೊದಲ ಹೆಸರು ‘ನ್ಯೋಟಾ’ (ನಕ್ಷತ್ರ) ಸೇರಿಸಲು ಹೊರಟಿದ್ದೆ. ಮೊದಲ ಅಕ್ಷರವೇ ಒತ್ತಕ್ಷರ, ತನ್ನ ಹಿಂದಿನ ಲಘುವನ್ನು ಗುರು ಮಾಡಿಬಿಡುತ್ತದೆ. ಕೈಬಿಟ್ಟೆ.

ಪೃಚ್ಛಕರು:
‘ತಿರುಗಲುಹೂರಾ’ಕ್ಕೆ ಶಹಬ್ಬಾಸ್ ಮೇಡಂ! ಸಂಧಿ ತಾನಾಗಿ ಆಯಿತು, ಜಗಣದ ಕಾಟವೂ ಹೋಯಿತು. ‘ಕರೆ ಎಡೆಬಿಡದೆ’ ಎಂಬಲ್ಲಿ ಸಾಲು ಮುರಿಯುವುದರಿಂದ ವಿಸಂಧಿ ಕಿವಿಗೆ ಅಷ್ಟು ಬಡಿಯುವುದಿಲ್ಲ, ಬಿಡೋಣ.

ಮುಂದಿನದು, ಇದೇ ಛಂದಸ್ಸು, ಪ್ರಾಸ ‘ಳ’:

ಗೆಳೆಯನ ಕರೆಯಲು ಖಳ ಬಂದಂ

ಸುಳಿವು: 1967ರ ಕಂತಿನ ಖಾನ್ ನೂನಿಯನ್ ಸಿಂಗ್. ಎರಡನೇ ಮಹಾಯುದ್ಧದ ಕಾಲದ ಗೆಳೆಯನೊಬ್ಬನ ಹೆಸರನ್ನು ರಾಡೆನ್‌ಬೆರಿ ಖಳನಿಗೆ ಇಟ್ಟದ್ದು, ಕೇಳಿಸಿಕೊಂಡಾದರೂ ಆತ ತನ್ನನ್ನು ಸಂಪರ್ಕಿಸಲಿ ಎಂಬ ಆಸೆಯಿಂದ. ‘ನೂನಿಯನ್’ ಮುಂದೆ ವ್ಯಂಜನ ಇಟ್ಟರೆ ‘ಯ’ ಗುರುವಾಗಿ 5 ಮಾತ್ರೆಯಾಗುತ್ತದೆ. ಸ್ವರ ಹತ್ತಿಸಿ: ನೂನಿಯ | ನೆಂಬುವ.