ಪದ ಬೇಕು: ಇಂಪ್ಲಾಂಟ್ ಹಲ್ಲಿನ ‘ಮಿಲ್ಲಿಂಗ್’ಗೆ ಏನನ್ನೋಣ?

ಗೆಳೆಯರೇ,
ಹಾಸನದ ಹಲ್ಲಿನ ಆಸ್ಪತ್ರೆಯೊಂದಕ್ಕೆ ಬೋರ್ಡಿನ ಕನ್ನಡ ಮಾಡಿಕೊಡಬೇಕು. ಸೋಮವಾರ ಪ್ರಿಂಟಿಗೆ. ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಕೃತಕ ಬೇರು) ಮೇಲೆ ಕೂರಿಸುವ ಕ್ರೌನನ್ನು, ಅಂದರೆ ಹಲ್ಲಿನಾಕಾರದ ಕ್ಯಾಪನ್ನು, ಹೊರಗಿನ ಲ್ಯಾಬಿಗೆ ಕಳಿಸದೆ, ಅಲ್ಲೇ ಸ್ಕ್ಯಾನ್ ಮಾಡಿ, ಜಿರ್ಕೋನಿಯಾ (ಪಿಂಗಾಣಿಯಂಥ ವಸ್ತು) ಬಿಲ್ಲೆಯನ್ನು ಮಿಲ್ಲಿಂಗ್ ಮಾಡಿ, ಅಂದರೆ ಯಂತ್ರದಲ್ಲಿ ಕೊರೆದು, ತೆಗೆಯುತ್ತಾರೆ. ಅವರೇ ಬರೆದು ಕಳಿಸಿದ್ದು: ‘ಮನೆಯಲ್ಲೇ ಮಾಡಿದ ಡಿಜಿಟಲ್ ಕಿರೀಟ, ಒಂದೇ ದಿನದಲ್ಲಿ ಇಂಪ್ಲಾಂಟ್’. ಹಪ್ಪಳ ಸಂಡಿಗೆ ಮಾರುವ ಹಾಗಿದೆ. ಮಿಲ್ಲಿಂಗ್‌ಗೆ ಪದ ಹೇಳಿ.

> ಮಿಲ್ಲಿಂಗ್‌ಗೆ ಪದ ಹೇಳಿ
‘ಕಡೆ’. ಚರ್ಚೆಗೇನಿದೆ? ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಾರೆ, ನಾವು ಮಜ್ಜಿಗೆ ಕಡೆಯುತ್ತೇವೆ, ಕಡಗೋಲೂ ಅದರಿಂದಲೇ. ‘ಕಡೆದ ಹಲ್ಲು’ ಅನ್ನಿ. ಕಿರೀಟ ಸಂಸ್ಕೃತ, ‘ಹಲ್ಲುಮುಡಿ’ ಸಾಕು.

> ಕಡೆದ ಹಲ್ಲು
ದಾರಿಹೋಕರು ‘ಕಡಿದ ಹಲ್ಲು’ ಅಂತಲೇ ಓದುತ್ತಾರೆ. ಚನ್ನಪಟ್ಟಣದಲ್ಲಿ ತಿರುಗುವುದು ಮರ, ಉಳಿಯಲ್ಲ. ಇಲ್ಲಿ ತಿರುಗುವುದು ಬರ್, ಅಂದರೆ ಕೊರೆಯುವ ಮೊನೆ. ಇದು ಕೆತ್ತನೆ. ಹಲ್ಲುಮುಡಿಯಂತೂ ಹಲ್ಲಿಗೆ ಕೂದಲು ಬಂದಂತಿದೆ.

ಕಡಗೋಲು ತಿರುಗುವುದಿಲ್ಲವೇ ಸ್ವಾಮಿ?

ನಾನು ದಂತವೈದ್ಯೆ. ಪದ ಆಮೇಲಿರಲಿ, ‘ಒಂದೇ ದಿನದಲ್ಲಿ ಇಂಪ್ಲಾಂಟ್’ ಮೊದಲು ತೆಗೆಸಿ. ಟೈಟಾನಿಯಂ ಇಂಪ್ಲಾಂಟಿಗೆ ದವಡೆಯ ಮೂಳೆ ಕಚ್ಚಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಬೇಗ ಆಗುವುದು ಮೇಲಿನ ಕ್ಯಾಪ್ ಮಾತ್ರ. ಅದೂ ಯಂತ್ರದಿಂದ ಬರುವಾಗ ಸೀಮೆಸುಣ್ಣದಷ್ಟು ಮೆತ್ತಗೆ, ಬೇಕಾದ್ದಕ್ಕಿಂತ ಶೇ. 20–25ರಷ್ಟು ದೊಡ್ಡದಾಗಿರುತ್ತದೆ, 1,500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಯಲ್ಲಿ ಬೆಂದು, ಕುಗ್ಗಿ, ಅಳತೆಗೆ ಬರುತ್ತದೆ. ರೋಗಿಗಳ ಮಾತು ‘ಕ್ಯಾಪ್ ಹಾಕಿಸೋದು’, ‘ಅಳತೆ ಕೊಡೋದು’. ಕಿರೀಟ ಕೇಳಿಕೊಂಡು ಯಾರೂ ಬಂದಿಲ್ಲ.

ಇಂಗ್ಲಿಷಿನ ಕ್ಯಾಪಿಗೆ ಬಾಗಿಲು ತೆರೆದು ಸಂಸ್ಕೃತಕ್ಕೆ ಅಗುಳಿ ಹಾಕುವುದು ಯಾವ ನ್ಯಾಯ?

ಜಿರ್ಕೋನಿಯಾಕ್ಕೆ ಯಾರೂ ತಕರಾರು ತೆಗೆಯಲಿಲ್ಲವಲ್ಲ! ಮೂಲ ಪಾರಸಿಯ ‘ಜರ್ಗೂನ್’, ಚಿನ್ನದ ಬಣ್ಣದ್ದು. ‘ಜರ್’ ಅಂದರೆ ಚಿನ್ನ. ಸೀರೆಯ ಜರಿಯೂ ಅದೇ. ಮದುವೆಯಲ್ಲಿ ಜರಿ ಉಡುವಾಗ ಇಲ್ಲದ ಮಡಿ ಹಲ್ಲಿಗೇಕೆ?

ಎಲ್ಲರಿಗೂ ವಂದನೆ. ಕಳಿಸುತ್ತಿರುವುದು: ‘ಸ್ಕ್ಯಾನ್ ಮಾಡಿ ಅಳತೆ. ಇಂಪ್ಲಾಂಟ್ ಹಲ್ಲಿನ ಕ್ಯಾಪ್ ನಮ್ಮಲ್ಲೇ ತಯಾರಾಗುತ್ತದೆ.’ ಮಿಲ್ಲಿಂಗ್ ಬಿಟ್ಟೆ. ಡಾಕ್ಟರ್ ಮೇಡಂ, ದಿನದ ಮಾತೂ ತೆಗೆದೆ.

> ತಯಾರಾಗುತ್ತದೆ
ತಯಾರ್ ಅರಬ್ಬಿ. ‘ಅಣಿ’ ಸತ್ತುಹೋಯಿತೇ?